ನಾನು ಮಂಜೂರು ಮಾಡಿದ ರಜೆ

ಮೊನ್ನೆ ಪಾರ್ಸೆಲ್ ತಂದ ಹುಡುಗ ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದು, "ಮೇಡಂ, ಬೆರಳಲ್ಲೇ ಒಂದು ಸೈನ್ ಗೀಚ್ಬಿಡಿ" ಎಂದ. ಗೀಚಿದೆ. ಆದರೂ ನನ್ನ ಬೆರಳು ಗಾಜಿನ ಮೇಲೆ ಕೆಳಗೆ ಕೆಳಗೆ ಹರಿದಾಡುತ್ತಲೇ ಇತ್ತು.

"ಆಯ್ತು ಮೇಡಂ, ಸಾಕು."

"ದಿನಾಂಕ ಎಲ್ಲಿ ಹಾಕೋದು?"

ಅವನು ಒಮ್ಮೆ ನನ್ನನ್ನೂ ಒಮ್ಮೆ ಫೋನನ್ನೂ ನೋಡಿ, "ಅದು ಫೋನಿಗೇ ಗೊತ್ತಿರತ್ತೆ ಮೇಡಂ" ಎಂದು ಮೆಟ್ಟಿಲಿಳಿದು ಹೋದ. ನಾನು ಬಾಗಿಲಲ್ಲೇ ನಿಂತಿದ್ದೆ. ಸಹಿಯ ಕೆಳಗೆ ದಿನಾಂಕ ಹಾಕದೆ ಬಿಟ್ಟರೆ ನನಗೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಬೀದಿಗೆ ಬಂದ ಹಾಗಾಗುತ್ತದೆ. ನಿಮಗೂ ಇಂಥದ್ದೊಂದು ಚಟ ಇದ್ದೀತು. ಆದರೆ ನಿಮ್ಮ ಚಟದಿಂದ ಒಬ್ಬ ಹೆಂಗಸಿನ ಕೆಲಸ ಹೋಗುವ ಹಂತಕ್ಕೆ ಬಂದಿರಲಿಕ್ಕಿಲ್ಲ. ನನ್ನದರಿಂದ ಬಂದಿತ್ತು.

ಈ ಚಟ ನನಗೆ ಅಪ್ಪನಿಂದ ಬಂದದ್ದು. ಅಪ್ಪ ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿದ್ದವರು. ದಾಸರಹಳ್ಳಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ದಿನಾಂಕವಿಲ್ಲದ ವಸ್ತುವೇ ಇರಲಿಲ್ಲ. ಬಲ್ಬಿನ ಕುತ್ತಿಗೆಯ ಮೇಲೆ ಅದನ್ನು ಹಾಕಿದ ದಿನ, ಉಪ್ಪಿನಕಾಯಿ ಜಾಡಿಯ ಮುಚ್ಚಳದ ಮೇಲೆ ಕಾಯಿ ಹೆಚ್ಚಿದ ದಿನ, ನನ್ನ ಶಾಲೆಯ ಬೂಟಿನ ಅಡಿಯಲ್ಲಿ ಅದನ್ನು ಕೊಂಡ ದಿನ, ಎಲ್ಲವೂ ಅಪ್ಪನ ಸಣ್ಣ ಅಕ್ಷರದಲ್ಲಿ ಇರುತ್ತಿದ್ದವು. ಪೊರಕೆ ಸವೆದು ಮೂಲೆ ಸೇರಿದಾಗ ಅದರ ಹಿಡಿಯನ್ನು ಬೆಳಕಿಗೆ ಹಿಡಿದು, "ನಾಲ್ಕು ತಿಂಗಳು ಹನ್ನೊಂದು ದಿನ" ಎಂದು ನಿಟ್ಟುಸಿರು ಬಿಡುತ್ತಿದ್ದರು.

"ನನ್ನ ಹಣೆ ಮೇಲೂ ಬರೆದ್ಬಿಡಿ, ಮನೆಗೆ ತಂದಿದ್ದು ಯಾವತ್ತು ಅಂತ" ಎಂದು ಅಮ್ಮ ಒಮ್ಮೆ ರೇಗಿದ್ದರು.

"ಅದು ಮದುವೆ ಪತ್ರಿಕೇಲಿ ಇದೆ ಕಣೇ" ಎಂದು ಅಪ್ಪ ಗಂಭೀರವಾಗಿಯೇ ಉತ್ತರಿಸಿದ್ದರು.

ಅಪ್ಪ ದಿನಾಂಕಕ್ಕೆ ನಿಂತರು, ನಾನು ಎಣಿಕೆಗೂ ಇಳಿದೆ. ಆರನೇ ತರಗತಿಯಲ್ಲಿ ನಮ್ಮ ಸಮಾಜ ಪಾಠದ ಮೇಡಂ ಒಂದು ಪೀರಿಯಡ್ಡಿನಲ್ಲಿ ಎಷ್ಟು ಸಲ "ಗೊತ್ತಾಯ್ತಾ" ಎನ್ನುತ್ತಾರೆ ಎಂದು ನಾಲ್ಕು ಗೀಟು, ಒಂದು ಅಡ್ಡಗೀಟು ಹಾಕಿ ಎಣಿಸಿದೆ. ಅರವತ್ತೊಂದು. ಅವರಿಗೆ ಉಪಯೋಗವಾಗಬಹುದೆಂದು ಪಾಠ ಮುಗಿದ ಮೇಲೆ ತೋರಿಸಿದೆ. ಅವರು ನನ್ನನ್ನು ಉಳಿದ ಪೀರಿಯಡ್ಡುಗಳಲ್ಲೆಲ್ಲ ಬೆಂಚಿನ ಮೇಲೆ ನಿಲ್ಲಿಸಿದರು. ಬೆಂಚಿನ ಮೇಲಿಂದ ನೋಡುತ್ತಾ ನನಗೆ ಆದ ಆಘಾತ ಶಿಕ್ಷೆಯದ್ದಲ್ಲ. ಲೆಕ್ಕ ಸರಿಯಿದ್ದೂ ಶಿಕ್ಷೆ ಆಯಿತಲ್ಲ ಎನ್ನುವುದರದ್ದು.

ಇಂಥವಳಿಗೆ ಸಿಗಬೇಕಾದ ಕೆಲಸವೇ ಸಿಕ್ಕಿತು. ಪೀಣ್ಯದಲ್ಲೇ ಒಂದು ಪುಟ್ಟ ಲ್ಯಾಬು. ಕಾರ್ಖಾನೆಗಳಿಂದ ಬರುವ ಅಳತೆಯ ಉಪಕರಣಗಳು ಸರಿಯಾಗಿ ಅಳೆಯುತ್ತವೆಯೇ ಎಂದು ಅಳೆದು ನೋಡುವುದು, ಸರಿಯಿದ್ದರೆ ಒಂದು ಚೀಟಿ ಅಂಟಿಸಿ ಸಹಿ ಮತ್ತು ದಿನಾಂಕ ಹಾಕುವುದು. ದಿನಕ್ಕೆ ಮೂವತ್ತು ನಲವತ್ತು ಸಹಿ, ಅಷ್ಟೇ ದಿನಾಂಕ. ಕೈ ತನ್ನಷ್ಟಕ್ಕೆ ಓಡುತ್ತದೆ.

ಹಾಗಿದ್ದವಳು ನಾಟಕಕ್ಕೆ ಹೇಗೆ ಬಿದ್ದೆ ಎಂದರೆ, ಕಾಲೇಜಿನ ಗೆಳೆಯ ಚೇತನ್‌ನಿಂದ. ಅವನು ಮೂವರನ್ನು ಕಟ್ಟಿಕೊಂಡು ಆಶುನಾಟಕದ ತಂಡ ಮಾಡಿದ್ದ. ಬರೆದ ನಾಟಕವಿಲ್ಲ, ತಾಲೀಮಾದ ಮಾತಿಲ್ಲ. ನೋಡಲು ಬಂದವರನ್ನೇ ಒಂದು ಜಾಗ, ಒಂದು ಸಂಬಂಧ, ಒಂದು ವಸ್ತು ಹೇಳಿ ಎಂದು ಕೇಳುವುದು, ಅಲ್ಲೇ ನಿಂತು ಹಾಸ್ಯ ಹುಟ್ಟಿಸುವುದು. ನನ್ನನ್ನು ಕರೆದದ್ದು ಸೀಟಿ ಊದಿ ಸಮಯ ನೋಡಿಕೊಳ್ಳಲು. ಒಂದು ದಿನ ಮಾರತ್ತಹಳ್ಳಿ ಸೇತುವೆಯ ಟ್ರಾಫಿಕ್ಕಿನಲ್ಲಿ ನಟನೊಬ್ಬ ಸಿಕ್ಕಿಬಿದ್ದು, ಚೇತನ್ ನನ್ನನ್ನೇ ವೇದಿಕೆಗೆ ತಳ್ಳಿದ. ತಳ್ಳಿದವನೇ ಓಡಿ ಬಂದು, "ಅಮ್ಮಾ, ನಮ್ಮ ಹಸೂಗೆ ಜ್ವರ!" ಎಂದು ನನ್ನ ಕಾಲಿಗೆ ಬಿದ್ದ. ನನಗೆ ಏನೂ ತೋಚದೆ, "ಎಷ್ಟು ಡಿಗ್ರಿ?" ಎಂದೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ನಾನು ಬೆಚ್ಚಿಬಿದ್ದೆ. ನಾನು ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ಅಂದಿನಿಂದ ನಾನು ನಟಿ.

ಆ ವರ್ಷ ನಾವು ಟೂರ್ ಹೊರಟೆವು. ಟೂರ್ ಎಂದರೆ ಊರೂರು ಎಂದುಕೊಳ್ಳಬೇಡಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ, ಆಚೆಗೆ ಹೋದರೆ ಆನೇಕಲ್. ಬೆಂಗಳೂರಿನ ಅಂಚನ್ನು ಬಿಟ್ಟು ಹೋಗಲೇ ಇಲ್ಲ. ಆದರೆ ಪೀಣ್ಯದಿಂದ ವೈಟ್‌ಫೀಲ್ಡಿಗೆ ವ್ಯಾನಿನಲ್ಲಿ ಹೋಗುವಷ್ಟರಲ್ಲಿ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನ ಎರಡು ಸಲ ಬೇಕಾಗುತ್ತಿತ್ತು. ಅದಕ್ಕೇ ಟೂರ್ ಎಂದೆವು. ಕಂಪನಿಗಳ ಕ್ಯಾಂಟೀನು, ಅಪಾರ್ಟ್‌ಮೆಂಟಿನ ಕ್ಲಬ್ ಹೌಸು, ಕಾರ್ಖಾನೆಯ ಶೆಡ್ಡು, ಎಲ್ಲಿ ಕರೆದರೆ ಅಲ್ಲಿ. ಪ್ರತಿ ಪ್ರದರ್ಶನದ ನಂತರ ನಾನು ವ್ಯಾನಿನ ಹಿಂದಿನ ಸೀಟಿನಲ್ಲಿ ಕೂತು ಡೈರಿ ಬರೆಯುತ್ತಿದ್ದೆ: ಯಾವ ಹೊತ್ತಿಗೆ ಯಾರು ಏನು ಹೇಳಿದರು, ಎಲ್ಲಿ ನಕ್ಕರು, ಎಲ್ಲಿ ಬರೀ ಕೆಮ್ಮಿದರು. ಅದರಿಂದ ತಿಳಿದದ್ದೇನೆಂದರೆ, "ಒಂದು ಜಾಗ ಹೇಳಿ" ಎಂದರೆ ವೈಟ್‌ಫೀಲ್ಡಿನವರು ಹದಿನಾಲ್ಕು ಆಟದಲ್ಲಿ ಹನ್ನೊಂದು ಸಲ "ಸಿಲ್ಕ್ ಬೋರ್ಡ್" ಎಂದೇ ಕೂಗಿದ್ದರು. ಸಾವಿರಾರು ಜನ, ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುವ ಅದೇ ಒಂದು ಜಾಗ. ಈ ಅಂಕಿ ತೋರಿಸಿದಾಗ ಚೇತನ್, "ಮಗಾ, ಇದನ್ನ ಯಾರ್ಗೂ ಹೇಳ್ಬೇಡ, ಆಡೋಕೇ ಮನಸ್ಸು ಬರಲ್ಲ" ಎಂದ.

ನಮ್ಮ ಆಟಕ್ಕೆ ಒಂದೇ ಒಂದು ನಿಯಮ. ಜೊತೆಗಾರ ಏನೇ ಹೇಳಲಿ, "ಇಲ್ಲ" ಎನ್ನಬಾರದು. ಅವನು ನಿನ್ನನ್ನು ಅಜ್ಜಿ ಎಂದರೆ ನೀನು ಅಜ್ಜಿ. ನೆಲ ಸಮುದ್ರ ಎಂದರೆ ಈಜಬೇಕು. ಒಬ್ಬ "ಇಲ್ಲ" ಎಂದ ಕೂಡಲೇ ಕಥೆ ಅಲ್ಲೇ ಕುಸಿದು ಕೂರುತ್ತದೆ. ಚೇತನ್ ಪ್ರತಿ ಆಟದ ಶುರುವಿಗೆ ಇದನ್ನೇ ಮೈಕಿನಲ್ಲಿ ಘೋಷಿಸುತ್ತಿದ್ದ: "ಸ್ವಾಮಿ, ಹೊರಗಡೆ ನಿಮಗೆ ಎಲ್ಲರೂ ಇಲ್ಲ ಅಂತಾರೆ. ಬ್ಯಾಂಕಲ್ಲಿ ಇಲ್ಲ, ಆಸ್ಪತ್ರೇಲಿ ಇಲ್ಲ, ಮನೇಲೂ ಇಲ್ಲ. ಈ ವೇದಿಕೆ ಮೇಲೆ ಇಲ್ಲ ಅನ್ನೋ ಹಾಗೇ ಇಲ್ಲ!" ಜನ ಚಪ್ಪಾಳೆ ಹೊಡೆಯುತ್ತಿದ್ದರು. ಆ ಮಾತನ್ನು ಯಾರಾದರೂ ಕಿವಿಗೊಟ್ಟು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಮಗೆ ಅನ್ನಿಸಿಯೇ ಇರಲಿಲ್ಲ.

ಬೊಮ್ಮನಹಳ್ಳಿಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಿಂದ ಕರೆ ಬಂತು. ಶನಿವಾರ ಮಧ್ಯಾಹ್ನ ಮೂರಕ್ಕೆ, ಕ್ಯಾಂಟೀನಿನಲ್ಲಿ. ಮುನ್ನೂರು ಹೆಂಗಸರು ನೆಲದ ಮೇಲೆ ಸಾಲಾಗಿ ಕೂತಿದ್ದರು, ಎಷ್ಟು ಸಾಲಾಗಿ ಎಂದರೆ ಮಷೀನುಗಳನ್ನಷ್ಟೇ ತೆಗೆದು ಅವರನ್ನು ಹಾಗೇ ಎತ್ತಿ ತಂದಿಟ್ಟಂತೆ. ಎಲ್ಲರಿಗಿಂತ ಮುಂದೆ ಕುರ್ಚಿಯಲ್ಲಿ ಎಚ್‌ಆರ್ ಅಧಿಕಾರಿ ಶ್ರೀಧರಮೂರ್ತಿ. ನಲವತ್ತೈದರ ಆಸುಪಾಸಿನ, ಒಳ್ಳೆಯ ಉಡುಪಿನ, ನಗಲು ಹೊರಟು ಅರ್ಧದಲ್ಲಿ ವಾಚು ನೋಡಿಕೊಳ್ಳುವ ಮನುಷ್ಯ.

ಮೊದಲ ಇಪ್ಪತ್ತು ನಿಮಿಷ ಒಂದು ನಗುವೂ ಇಲ್ಲ. ನನ್ನ ಡೈರಿಯಲ್ಲಿ ಹಾಗೆಂದೇ ಇದೆ: ನಗು, ಸೊನ್ನೆ. "ಒಂದು ಜಾಗ ಹೇಳಿ ಅಕ್ಕಂದಿರೇ" ಎಂದರೆ ಮೌನ. ಸಿಲ್ಕ್ ಬೋರ್ಡ್ ಕೂಡ ಬರಲಿಲ್ಲ. ಎಲ್ಲರ ಕಣ್ಣೂ ಆ ಕುರ್ಚಿಯ ಬೆನ್ನಿನ ಮೇಲಿತ್ತು. ಚೇತನ್ ಬೆವರು ಒರೆಸಿಕೊಳ್ಳುತ್ತಾ ಕೊನೆಗೆ ಕುರ್ಚಿಗೇ ಕೈ ಹಾಕಿದ. "ಸಾರ್, ನಿಮ್ಮ ಪಾತ್ರಾನ ನಾವು ಮಾಡ್ಬೋದಾ?"

ಶ್ರೀಧರಮೂರ್ತಿಗೆ ಖುಷಿಯಾಯಿತು. ಎದ್ದು ಬಂದರು. ತಮ್ಮ ಕೊರಳಿನ ಗುರುತಿನ ಪಟ್ಟಿಯನ್ನು ತೆಗೆದು ನನ್ನ ಕೊರಳಿಗೆ ಹಾಕಿ, ಚೇತನ್‌ನ ಕೈಯಿಂದ ಮೈಕು ತೆಗೆದುಕೊಂಡು, "ಇವತ್ತು ಒಂದು ಗಂಟೆ ಈ ಮೇಡಮ್ಮೇ ನಿಮ್ಮ ಎಚ್‌ಆರ್. ಇವ್ರು ಹೇಳಿದ್ದೇ ಫೈನಲ್. ಏನ್ ಬೇಕಾದ್ರೂ ಕೇಳ್ಕೊಳಿ!" ಎಂದರು.

ಅಲ್ಲಿಗೆ ನಗು ಶುರುವಾಯಿತು. ಐದನೇ ಸಾಲಿನಲ್ಲಿ ಒಬ್ಬಳು ಎದ್ದು ನಿಂತಳು. ಮೂವತ್ತರ ವಯಸ್ಸು, ತೆಳ್ಳಗೆ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಯಾರೂ ಕರೆಯದೆ ನೇರ ನನ್ನ ಮುಂದೆ ಬಂದು ಕೈಕಟ್ಟಿ ನಿಂತಳು. ಹೆಸರು ಸಾಬಮ್ಮ, ಊರು ಶಹಾಪುರದ ಕಡೆ ಎಂದು ಆಮೇಲೆ ತಿಳಿದದ್ದು.

"ಮೇಡಂ, ರಜಾ ಬೇಕಾಗಿತ್ರಿ."

ನಾನು ಎಚ್‌ಆರ್ ಗತ್ತಿನಲ್ಲಿ ವಾಚು ನೋಡಿಕೊಂಡೆ. ಅದಕ್ಕೇ ಒಂದು ದೊಡ್ಡ ನಗು. "ಎಷ್ಟು ದಿನ?"

"ನಾಕು ದಿನ. ಸೋಮವಾರದಿಂದ ಗುರುವಾರ ಮಟ. ಮಗಳಿಗಿ ವಸತಿ ಸಾಲ್ಯಾಗ ಸೀಟ್ ಸಿಕ್ಕದ್ರಿ. ಗುರುವಾರದೊಳಗ ತಾಯಿನೇ ಬಂದು ಸೇರಸಬೇಕಂತ. ಇಲ್ಲಂದ್ರ ಸೀಟ್ ಬ್ಯಾರೇದವ್ರಿಗಿ ಹೋಗ್ತದ."

"ನಾಲ್ಕು ದಿನ ಸಾಕಾ? ಎಂಟು ತಗೊಳಮ್ಮ!"

ಕ್ಯಾಂಟೀನು ಹೋ ಎಂದಿತು. ಅವಳು ಮಾತ್ರ ನಗಲಿಲ್ಲ. "ಬ್ಯಾಡ್ರಿ, ನಾಕೇ ಸಾಕು. ಶುಕ್ರವಾರ ಬಂದೇ ಬರ್ತೀನಿ" ಎಂದು ಕುಪ್ಪಸದೊಳಗಿಂದ ನಾಲ್ಕಾಗಿ ಮಡಿಸಿದ ಹಳದಿ ಚೀಟಿಯೊಂದನ್ನು ತೆಗೆದು ಬಿಡಿಸಿ ಕೊಟ್ಟಳು. ಎಂಥ ಕಲಾವಿದೆ ಎಂದುಕೊಂಡೆ ನಾನು. ಪೂರ್ವತಯಾರಿಯಿಲ್ಲದೆ ಕೈಗೆ ಸಿಕ್ಕ ವಸ್ತುವನ್ನು ಬಳಸಿಕೊಳ್ಳುವುದನ್ನು ಕಲಿಯಲು ನನಗೆ ಎಂಟು ತಿಂಗಳು ಹಿಡಿದಿತ್ತು. ಚೀಟಿಯಲ್ಲಿ ಮೂರು ಖಾನೆ. ಎರಡರಲ್ಲಿ ಸಹಿ ಇತ್ತು, ಮೂರನೆಯದು ಖಾಲಿ. ಚೇತನ್ ಬಗ್ಗಿ ತನ್ನ ಬೆನ್ನನ್ನೇ ಮೇಜು ಮಾಡಿದ. ನಾನು ಅವನ ಬೆನ್ನ ಮೇಲೆ ಚೀಟಿಯಿಟ್ಟು ಗತ್ತಿನಿಂದ ಸಹಿ ಹಾಕಿದೆ. ಕೆಳಗೆ ದಿನಾಂಕ ಹಾಕಿದೆ.

"ಸಕ್ಕತ್ ಮೇಡಂ, ನನಗಿಂತ ಬೇಗ ಸೈನ್ ಹಾಕ್ತೀರ!" ಎಂದು ಶ್ರೀಧರಮೂರ್ತಿ ಕೂತಲ್ಲಿಂದ ಕೂಗಿ ಜೋರಾಗಿ ಚಪ್ಪಾಳೆ ತಟ್ಟಿದರು. ಮುನ್ನೂರು ಜನ ತಟ್ಟಿದರು. ಸಾಬಮ್ಮ ಚೀಟಿಯನ್ನು ಮತ್ತೆ ನಾಲ್ಕಾಗಿ ಮಡಿಸಿ, ನಮಸ್ಕಾರ ಮಾಡಿ, ತನ್ನ ಸಾಲಿಗೆ ಹೋಗಿ ಕೂತಳು. ಆಮೇಲಿನ ನಲವತ್ತು ನಿಮಿಷದಲ್ಲಿ ಎಪ್ಪತ್ತೆರಡು ನಗು. ಆ ಟೂರಿನಲ್ಲಿ ಅದೇ ಹೆಚ್ಚು. ವ್ಯಾನಿನಲ್ಲಿ ನಾವು ಹಾಡುತ್ತಾ ಬಂದೆವು.

ಸೋಮವಾರ ಬೆಳಿಗ್ಗೆ ಲ್ಯಾಬಿನಲ್ಲಿ ಒಂದು ಒತ್ತಡಮಾಪಕವನ್ನು ನೋಡುತ್ತಿದ್ದಾಗ ಫೋನು ಬಂತು.

"ವಿನುತಾ ಅನ್ನೋರು ನೀವೇನಾ?"

"ಹೌದು ಸಾರ್."

"ನಮ್ಮ ಕಂಪನೀಲಿ ರಜೆ ಮಂಜೂರು ಮಾಡೋಕೆ ನೀವ್ಯಾರ್ರೀ?"

ದನಿ ಶ್ರೀಧರಮೂರ್ತಿಯವರದು. ಮಾಪಕದ ಮುಳ್ಳು ಸೊನ್ನೆಯಲ್ಲಿತ್ತು. ನನ್ನದು ಕೆಂಪು ಗೆರೆ ದಾಟಿತು. ಸಾಬಮ್ಮ ಬಂದಿಲ್ಲ. ಅವಳ ಹಳದಿ ಚೀಟಿ ನಾಟಕದ ವಸ್ತುವಲ್ಲ, ಅಸಲಿ ರಜೆ ಚೀಟಿ. ಮೂರು ವಾರದಿಂದ ಮೂರನೇ ಖಾನೆಯಲ್ಲಿ ಎಚ್‌ಆರ್ ಸಹಿಗಾಗಿ ಕಾಯುತ್ತಿದ್ದ ಚೀಟಿ. ಶನಿವಾರ ಸಂಜೆ ಹೋಗುವಾಗ ಅವಳು ಅದನ್ನು ಟೈಮ್ ಆಫೀಸಿನ ಕಿಟಕಿಯಲ್ಲಿ ಕೊಟ್ಟಿದ್ದಾಳೆ, ಹಾಜರಿ ಬರೆಯುವ ಕೆಂಪರಾಜು ಅದನ್ನು ಪುಸ್ತಕಕ್ಕೂ ಕಂಪ್ಯೂಟರಿಗೂ ಹತ್ತಿಸಿದ್ದಾರೆ. ಮೂರನೇ ಖಾನೆಯಲ್ಲಿ ಗುಂಡಗಿನ ಕನ್ನಡ ಅಕ್ಷರದಲ್ಲಿ ನನ್ನ ಹೆಸರು. ಪಾತ್ರದ ಸಹಿ ಎಂದು ಬೇರೆ ಏನಾದರೂ ಗೀಚಬಹುದಿತ್ತು. ನನ್ನ ಕೈಗೆ ಇರುವುದು ಒಂದೇ ಸಹಿ.

"ನಾಳೆ ಬಂದು ಬರ್ಕೊಡಿ, ಅದು ನಾಟಕ, ಆ ಸಹಿಗೆ ಬೆಲೆಯಿಲ್ಲ ಅಂತ. ಮಿಕ್ಕಿದ್ದು ನಾವ್ ನೋಡ್ಕೋತೀವಿ."

"ನೋಡ್ಕೋತೀವಿ ಅಂದ್ರೆ ಸಾರ್?"

"ಶಿಪ್‌ಮೆಂಟ್ ಟೈಮಲ್ಲಿ ಹೇಳ್ದೆ ಕೇಳ್ದೆ ನಾಲ್ಕು ದಿನ ಹೋದ್ರೆ ಏನ್ ಮಾಡ್ತಾರೆ? ಹೆಸರು ತೆಗೀತಾರೆ."

ಚೇತನ್‌ಗೆ ಫೋನು ಮಾಡಿದೆ. ಅವನು, "ಮಗಾ, ಇಲ್ಲ ಅನ್ಬಾರ್ದು ಅಂತ ಹೇಳಿದ್ದು ನಿಜ. ಸೈನ್ ಹಾಕು ಅಂತ ಯಾರ್ ಹೇಳಿದ್ರು?" ಎಂದ.

"ನೀನೇ ಅಲ್ವಾ ಬೆನ್ನು ಕೊಟ್ಟಿದ್ದು?"

"ಬೆನ್ನು ಕೊಟ್ಟೆ ಗುರು, ಬುದ್ಧಿ ಕೊಟ್ಟಿರ್ಲಿಲ್ಲ."

ಬರೆದುಕೊಟ್ಟರೆ ಅವಳ ಕೆಲಸ ಹೋಗುತ್ತದೆ. ಬರೆದುಕೊಡದಿದ್ದರೆ ನಾನೊಂದು ಕಂಪನಿಯ ಕಾಗದಕ್ಕೆ ಖೋಟಾ ಸಹಿ ಹಾಕಿದವಳಾಗುತ್ತೇನೆ; ಸಹಿ ಮಾಡುವುದೇ ಕಸುಬಾದ ನನಗೆ ಆ ಹೆಸರು ಬಂದರೆ ಲ್ಯಾಬಿನಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಯೋಚನೆ. ಪಾಪ, ಆ ಹೆಂಗಸು ನಾಟಕವನ್ನು ನಿಜವೆಂದು ನಂಬಿಬಿಟ್ಟಳು. ಓದುಬರಹ ಇಲ್ಲದ ಮುಗ್ಧೆಯನ್ನು ನಾವೆಲ್ಲ ಸೇರಿ ನಗುವಿಗಾಗಿ ಬಾವಿಗೆ ತಳ್ಳಿದೆವು. ಡೈರಿಯಲ್ಲಿ ಅಂದು ನಾನು ಬರೆದ ವಾಕ್ಯವೇ ಹೀಗಿದೆ. ಮುಗ್ಧೆ ಎಂಬ ಪದದ ಕೆಳಗೆ ಗೆರೆ ಕೂಡ ಎಳೆದಿದ್ದೇನೆ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಹೊರಟೆ. ಪೀಣ್ಯದಲ್ಲಿ ಹಸಿರು ಗೆರೆಯ ಮೆಟ್ರೊ ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿಗೆ ಬದಲಿಸಿ, ಬೊಮ್ಮನಹಳ್ಳಿಯಲ್ಲಿ ಇಳಿಯುವ ತನಕ ಬರೆದುಕೊಡಬೇಕಾದ ಪತ್ರದ ಮೊದಲ ಸಾಲನ್ನು ಹದಿನಾರು ಬಗೆಯಲ್ಲಿ ಯೋಚಿಸಿದ್ದೆ. ಒಂದೂ ಸರಿಬರಲಿಲ್ಲ.

ಶ್ರೀಧರಮೂರ್ತಿಯವರ ಕೋಣೆಯಲ್ಲಿ ಟೈಮ್ ಆಫೀಸಿನ ಕೆಂಪರಾಜು ಆಗಲೇ ಕೈಕಟ್ಟಿ ನಿಂತಿದ್ದರು. ಹೊಂಗಸಂದ್ರ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆತನದವರು, ನಿವೃತ್ತಿಗೆ ಹತ್ತಿರದ ಮನುಷ್ಯ.

"ಕಣ್ಮುಚ್ಕೊಂಡು ಎಂಟ್ರಿ ಮಾಡ್ತೀರೇನ್ರೀ? ಇದು ನನ್ನ ಸೈನಾ?" ಎಂದು ಅಧಿಕಾರಿ ಚೀಟಿಯನ್ನು ಅವರ ಮೂಗಿಗೆ ಹಿಡಿದರು.

"ಅಲ್ಲ ಸಾರ್. ಒಸ ಎಚ್‌ಆರ್ ಮೇಡಮ್ಮನ್ದು ಅಂದ್ಕಂಡೆ."

"ಯಾವ ಹೊಸ ಎಚ್‌ಆರು?"

"ನೀವೇ ಏಳುದ್ರಲ್ಲ ಸಾರ್ ಮೈಕಲ್ಲಿ, ಈ ಮೇಡಮ್ಮೇ ಎಚ್‌ಆರು, ಇವ್ರು ಏಳಿದ್ದೇ ಫೈನಲ್ಲು ಅಂತ. ನಾನ್ ಟೈಮ್ ಆಫೀಸಲ್ಲಿ ಕುಂತಿದ್ದೆ. ಅಲ್ಲಿಗೆ ನಾಟ್ಕ ಕಾಣಾಕಿಲ್ಲ, ಮೈಕು ಒಂದೇ ಕೇಳೋದು." ಆಮೇಲೆ ತಮ್ಮ ಪರವಾಗಿ ಇನ್ನೊಂದು ಸಾಕ್ಷಿ ಸೇರಿಸಿದರು. "ಅಲ್ದೆ ಸಾರ್, ನಿಮ್ ಸೈನಲ್ಲಿ ಡೇಟು ಇರಾಕಿಲ್ಲ. ಇದ್ರಲ್ಲಿ ಡೇಟು ಇತ್ತು. ಇದು ಇನ್ನೂ ಪಕ್ಕಾ ಅಂದ್ಕಂಡೆ."

ನಾನು ತಲೆ ತಗ್ಗಿಸಿದೆ. ಅಪ್ಪನ ಶಿಕ್ಷಣ ಫಲ ಕೊಟ್ಟಿತ್ತು.

ಶ್ರೀಧರಮೂರ್ತಿ ನನ್ನ ಕಡೆಗೆ ಬಿಳಿ ಹಾಳೆ ತಳ್ಳಿದರು. "ಬರೀರಿ ಮೇಡಂ. ಎರಡೇ ಲೈನ್ ಸಾಕು."

ನಾನು ಕೂತೆ. ಡೈರಿ ತೆಗೆದು ಪಕ್ಕದಲ್ಲಿಟ್ಟುಕೊಂಡೆ. ಆಮೇಲೆ ನಡೆದದ್ದನ್ನು ಚೇತನ್ ಎಲ್ಲರಿಗೂ ನನ್ನ ಚಾಣಾಕ್ಷತನವೆಂದು ಹೇಳಿಕೊಂಡು ತಿರುಗುತ್ತಾನೆ. ನಿಮಗೆ ನಿಜ ಹೇಳುತ್ತೇನೆ, ಅದರಲ್ಲಿ ಜಾಣತನ ಎಳ್ಳಷ್ಟೂ ಇರಲಿಲ್ಲ. ನನಗೆ ಬೇರೆ ರೀತಿ ಬರೆಯಲು ಬರುವುದಿಲ್ಲ, ಅಷ್ಟೇ. ಸ್ಥಳ ಬರೆದೆ, ವೇಳೆ ಬರೆದೆ. ಮೂರೂ ಇಪ್ಪತ್ತೈದಕ್ಕೆ ಅಧಿಕಾರಿಗಳು ತಮ್ಮ ಗುರುತಿನ ಪಟ್ಟಿಯನ್ನು ತಾವೇ ನನ್ನ ಕೊರಳಿಗೆ ಹಾಕಿದರು. ಮೂರೂ ಇಪ್ಪತ್ತಾರಕ್ಕೆ ಮೈಕಿನಲ್ಲಿ ಹೀಗೆ ಹೇಳಿದರು. ಮೂರೂ ಮೂವತ್ತಕ್ಕೆ ಅರ್ಜಿದಾರಳು ಕಾರಣ ತಿಳಿಸಿದಳು. ಮೂರೂ ಮೂವತ್ತೆರಡಕ್ಕೆ ನಾನು ಸಹಿ ಹಾಕಿದೆ; ಅಧಿಕಾರಿಗಳು "ಸಕ್ಕತ್ ಮೇಡಂ, ನನಗಿಂತ ಬೇಗ ಸೈನ್ ಹಾಕ್ತೀರ" ಎಂದು ಹೇಳಿ ಎಲ್ಲರಿಗಿಂತ ಹೆಚ್ಚು ಹೊತ್ತು ಚಪ್ಪಾಳೆ ತಟ್ಟಿದರು. ಹಾಳೆ ತುಂಬಿತು. ಇನ್ನೊಂದು ಹಾಳೆ ಕೇಳಿದೆ.

ಅವರು ಕೊಡಲಿಲ್ಲ. ಮೊದಲ ಹಾಳೆಯನ್ನು ಕಿತ್ತುಕೊಂಡು ಓದಿದರು. ಓದುತ್ತಾ ಅವರ ಕಿವಿ ಕೆಂಪಾಯಿತು. "ಇದೆಲ್ಲ ಯಾಕ್ರೀ ಬರೆದ್ರಿ? ಚಪ್ಪಾಳೆ ಲೆಕ್ಕ ಎಲ್ಲ ಯಾರ್ ಕೇಳಿದ್ರು?"

"ನಡೆದದ್ದು ಸಾರ್."

"ಇದನ್ನ ಹೆಡ್ ಆಫೀಸಿಗೆ ಕಳ್ಸಿದ್ರೆ ಮೊದಲು ನನ್ನ ಹೆಸರು ತೆಗೀತಾರೆ." ಹಾಳೆಯನ್ನು ಮೇಜಿನ ಮೇಲಿಟ್ಟು ಕೆಂಪರಾಜುವಿನ ಕಡೆ ತಿರುಗಿದರು. "ಎಂಟ್ರಿ ತೆಗ್ದುಬಿಡಿ, ಸಾಕು."

"ಎಂಟ್ರಿ ತೆಗೀಬೇಕಾದ್ರೆ ಕಂಪ್ಯೂಟ್ರು ಕಾರಣ ಕೇಳ್ತದೆ ಸಾರ್. ಏನಂತ ಆಕ್ಲಿ? ನಾಟ್ಕ ಅಂತ ಆಕ್ಲಾ?"

ಕೆಳಗಿನ ಅಂತಸ್ತಿನಿಂದ ನೂರಾರು ಹೊಲಿಗೆ ಯಂತ್ರಗಳು ನೆಲವನ್ನು ಸಣ್ಣಗೆ ನಡುಗಿಸುತ್ತಿದ್ದವು. ಶ್ರೀಧರಮೂರ್ತಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. ಆಗ ನೋಡಿದೆ, ಅವರೂ ಯಾರದೋ ಮುಂದೆ ಕೈಕಟ್ಟಿ ನಿಲ್ಲುವ ಮನುಷ್ಯನೇ.

"ಸರಿ" ಎಂದರು ಕೊನೆಗೆ. "ಗುರುವಾರದವರೆಗೆ ರಜೆ ಇರ್ಲಿ. ಶುಕ್ರವಾರ ಒಂಬತ್ತರ ಸೈರನ್ನಿಗೆ ಆಯಮ್ಮ ತನ್ನ ಮಷೀನಿನ ಮುಂದೆ ಇರ್ಬೇಕು. ಒಂದು ನಿಮಿಷ ತಡ ಆದ್ರೂ ನಾನು ಯಾರ್ ಮಾತೂ ಕೇಳಲ್ಲ. ಇನ್ನ ನಿಮ್ಮ ತಂಡ ಈ ರಸ್ತೇಲಿ ಕಾಣಿಸ್ಕೋಬೇಡಿ."

ಬುಧವಾರ, ಗುರುವಾರ ನಾನು ಏನು ಅಳೆದೆನೋ ದೇವರಿಗೇ ಗೊತ್ತು. ಕೆಂಪರಾಜು ಕೊಟ್ಟ ಸಾಬಮ್ಮನ ನಂಬರು ಹಳ್ಳಿಯಲ್ಲಿ ಸಿಗುತ್ತಿರಲಿಲ್ಲ. ಸೈರನ್ನಿನ ಷರತ್ತು ಅವಳಿಗೆ ಗೊತ್ತೇ ಇಲ್ಲ. "ಎಂಟು ತಗೊಳಮ್ಮ" ಎಂದಿದ್ದೆನಲ್ಲ, ಆ ಮಾತು ಕಿವಿಯಲ್ಲಿ ಸುತ್ತುತ್ತಲೇ ಇತ್ತು. ನಂಬಿದವಳು ಅದನ್ನೂ ನಂಬಿದ್ದರೆ?

ಶುಕ್ರವಾರ ಎಂಟೂವರೆಗೇ ಕಾರ್ಖಾನೆಯ ಗೇಟಿನ ಎದುರು ನಿಂತೆ. ಹೊಸೂರು ರಸ್ತೆಯ ಕಡೆಯಿಂದ ಹೆಂಗಸರು ಹಿಂಡು ಹಿಂಡಾಗಿ ಬರುತ್ತಿದ್ದರು, ಕೈಯಲ್ಲಿ ಬುತ್ತಿಯ ಚೀಲ, ತಲೆಯಲ್ಲಿ ತುಂಡು ಹೂವು. ಎಣಿಸಲು ಶುರುಮಾಡಿ ಇನ್ನೂರ ಹತ್ತಕ್ಕೆ ಲೆಕ್ಕ ತಪ್ಪಿತು. ನನಗೆ ಲೆಕ್ಕ ತಪ್ಪಿದ್ದು ಬಹಳ ವರ್ಷಗಳ ನಂತರ. ಎಂಟೂ ನಲವತ್ತೈದು. ಎಂಟೂ ಐವತ್ತು. ಹಿಂಡು ತೆಳುವಾಯಿತು. ಕಾವಲುಗಾರ ಗೇಟಿನ ಒಂದು ರೆಕ್ಕೆಯನ್ನು ಮುಚ್ಚಿದ.

ಎಂಟೂ ಐವತ್ತೆರಡಕ್ಕೆ ಒಂದು ಷೇರ್ ಆಟೊ ನಿಂತು ಅವಳು ಇಳಿದಳು. ಬಸ್ಸಿನಿಂದ ನೇರ ಬಂದಿದ್ದಳು. ಕೂದಲು ಕೆದರಿತ್ತು, ಹೆಗಲಲ್ಲಿ ಬಟ್ಟೆಯ ದೊಡ್ಡ ಚೀಲ, ಸೀರೆಯ ತುಂಬ ಧೂಳು. ನನ್ನನ್ನು ಕಂಡವಳೇ ಗುರುತು ಹಿಡಿದು ನಕ್ಕಳು. ವೇದಿಕೆಯ ಮೇಲೆ ನಗದವಳು ಈಗ ನಕ್ಕಳು.

"ಅಯ್ಯ, ಎಚ್‌ಆರ್ ಮೇಡಮ್ಮಾರು! ನೀವ್ಯಾಕ ಬಂದ್ರಿ?"

ನನ್ನ ಬಾಯಿಂದ ಎಲ್ಲವೂ ಒಟ್ಟಿಗೆ ಹೊರಬಿತ್ತು. ಫೋನು, ಪತ್ರ, ಸೈರನ್, ಹೆಸರು ತೆಗೆಯುವುದು. ಅವಳು ಗೇಟಿನ ಕಡೆ ನಡೆಯುತ್ತಲೇ ಕೇಳಿಸಿಕೊಂಡಳು. ಗಾಬರಿಯಾಗಲೇ ಇಲ್ಲ.

"ಮಗಳು?" ಎಂದೆ.

"ಸೇರಿಸೀನ್ರಿ. ಬುಧವಾರನೇ ಆತು. ಟ್ರಂಕ್ ಒಳಗ ಇಟ್ಟು, ಹಾಸಿಗಿ ತೋರ್ಸಿ ಬಂದೀನಿ. ಅಳ್ಲಿಲ್ಲ ಅಕಿ. ನಾನೇ ಅತ್ತೆ."

"ಸಾಬಮ್ಮ, ನಮ್ಮಿಂದ ತಪ್ಪಾಯ್ತು. ಅದು ಬರೀ ನಾಟಕ ಅಂತ ನಿಮಗೆ ಅವತ್ತೇ ಬಿಡಿಸಿ ಹೇಳ್ಬೇಕಿತ್ತು."

ಅವಳು ನಿಂತಳು. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ, ನನ್ನನ್ನು ಕನಿಕರದಿಂದ ನೋಡಿದಳು.

"ನಾಟಕ ಅಂತ ಗೊತ್ತಿತ್ತಲ್ಲ ಅಕ್ಕೋರೆ. ನಾನೇನು ಸಣ್ಣ ಕೂಸೇನು? ಖರೇ ಸಾಹೇಬ್ರ ಮುಂದ ಮೂರು ಸಲ ನಿಂತೀನಿ. ಮೂರು ಸಲಾನೂ ಇಲ್ಲ ಅಂದ್ರು. ಹೋದ ವಾರ ಗುರುವಾರ ನೋಟಿಸ್ ಬೋರ್ಡಿಗಿ ನಿಮ್ ಕಾಗದ ಹಚ್ಚಿದ್ರು, ಇಲ್ಲ ಅನ್ನಲ್ದ ನಾಟಕ, ನೀವೂ ಬಂದು ಪಾತ್ರ ಮಾಡ್ರಿ ಅಂತ. ನಿಂತು ಎರಡು ಸಲ ಓದೀನಿ. ಅವತ್ತೇ ಸಂಜಿಗಿ ಹೋಗಿ ಶನಿವಾರದ ಬಸ್ಸಿಗಿ ಟಿಕೀಟ್ ಮಾಡಿಸೀನಿ."

ನಾನು ಬೆರಳು ಮಡಚಿ ಎಣಿಸಿದೆ: ಗುರುವಾರ, ಶುಕ್ರವಾರ, ಶನಿವಾರ. "ನಾಟಕಕ್ಕೆ ಮುಂಚೇನೇ?"

"ಹ್ಞೂಂ ಮತ್ತ. ನೀವು ಹ್ಞೂಂ ಅಂತೀರಂತ ಗೊತ್ತಿತ್ತು. ಆದ್ರ ನಿಮ್ ಹ್ಞೂಂ ತಗೊಂಡು ನಾ ಏನ್ ಮಾಡ್ಲಿ? ಸಾಹೇಬ್ರು ಮುನ್ನೂರು ಮಂದಿ ಮುಂದ ಚಪ್ಪಾಳಿ ಹೊಡೀಬೇಕಿತ್ತು. ಹೊಡದ್ರು. ಹೊಡದ ಮ್ಯಾಲ ಹ್ಯಾಂಗ ಇಲ್ಲ ಅಂತಾರ?" ಎಂದು ಗಡಿಯಾರ ನೋಡಿದಳು. "ನಿಮ್ಗೇನೂ ತ್ರಾಸ ಆಗಿಲ್ಲಲ್ಲ ಮತ್ತ? ಹೆಸರ್ ಬರೀತೀರಂತ ಅನ್ಕೊಂಡಿದ್ದಿಲ್ಲ. ಏನರ ಗೀಚ್ತೀರಂತ ಮಾಡಿದ್ದೆ. ಬರೋಬ್ಬರಿ ನಿಮ್ ಹೆಸರೇ ಬರದ್ರಿ. ಅದಕ್ಕ ನಾಕು ದಿನ ನಿಮ್ದೇ ಚಿಂತಿ ಆಗಿತ್ತು ನನಗ."

ನನಗಾಗಿ ಅವಳು ಚಿಂತಿಸಿದ್ದಳು. ನಾಲ್ಕು ದಿನ.

ಸೈರನ್ ಕೂಗಲು ಎರಡು ನಿಮಿಷವಿತ್ತು. ಸಾಬಮ್ಮ ನನ್ನ ಕೈಯನ್ನೊಮ್ಮೆ ಹಿಡಿದು ಒತ್ತಿ, ಗೇಟಿನ ತೆರೆದ ರೆಕ್ಕೆಯ ಒಳಗೆ ಸರಸರನೆ ನಡೆದಳು. ಕಾವಲುಗಾರ ಅವಳ ಚೀಲವನ್ನು ತಡವಿ ನೋಡಿ ಬಿಟ್ಟ. ಅವಳು ಮೆಟ್ಟಿಲು ಹತ್ತಿ ಮರೆಯಾದಳು. ಆಮೇಲೆ ಸೈರನ್ ಕೂಗಿತು, ಉದ್ದಕ್ಕೆ, ಬೀದಿಯ ನಾಯಿಗಳೂ ಒಮ್ಮೆ ತಲೆಯೆತ್ತುವ ಹಾಗೆ. ಅದರ ಹಿಂದೆಯೇ ಯಂತ್ರಗಳ ಸದ್ದು ಏರಿತು.

ನಾನು ಅಲ್ಲೇ ನಿಂತಿದ್ದೆ. ಕಾವಲುಗಾರ ಇನ್ನೊಂದು ರೆಕ್ಕೆಯನ್ನು ಅರ್ಧ ಎಳೆದು, ನನ್ನನ್ನು ನೋಡಿ ಕೈ ತಡೆದ.

"ಮೇಡಂ, ನೀವು ಯಾರು? ಒಳಗಿನೋರಾ, ಹೊರಗಿನೋರಾ?"

ಯಾರು ಏನು ಕೇಳಿದರೂ ತಕ್ಷಣ ಉತ್ತರ ಹುಟ್ಟಿಸುವ ಹೆಂಗಸೆಂದು ನಮ್ಮ ತಂಡ ನನ್ನನ್ನು ಪರಿಚಯಿಸುತ್ತದೆ. ನಾನು ಡೈರಿ ತೆರೆದು ಅವನ ಪ್ರಶ್ನೆಯನ್ನು ಬರೆದುಕೊಂಡೆ. ಕೆಳಗೆ ದಿನಾಂಕ ಹಾಕಿದೆ.